ಪಕ್ಕದ ಮನೆಯ ಯುದ್ಧ, ನಮ್ಮ ಮೇಲಿನ ಆಕಾಶ

2022ರ ಮಾರ್ಚ್ ಮೊದಲ ವಾರ ನಿಮಗೆಲ್ಲ ನೆನಪಿರಬಹುದು. ಉಕ್ರೇನಿನಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ದೇಶದ ಸಾವಿರಾರು ವಿದ್ಯಾರ್ಥಿಗಳು ಗಡಿಗಳ ಕಡೆಗೆ ಓಡುತ್ತಿದ್ದರು. ಕರ್ನಾಟಕದ ಮಕ್ಕಳೂ ಅವರಲ್ಲಿ ಬಹಳ ಮಂದಿ ಇದ್ದರು. ಒಡೆಸಾ ಕಡೆಯಿಂದ ಹೊರಟವರಲ್ಲಿ ಹಲವರು ಮಾಲ್ಡೋವಾ ಎಂಬ ಪುಟ್ಟ ದೇಶಕ್ಕೆ ಕಾಲಿಟ್ಟರು. ಆ ದೇಶದ ರಾಜಧಾನಿ ಕಿಶಿನೌದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇದೆ. ಆದರೂ ಅವರು ಅಲ್ಲಿ ವಿಮಾನ ಹತ್ತಲಿಲ್ಲ. ಬಸ್ಸಿನಲ್ಲಿ ಕೂತು ಇನ್ನೊಂದು ಗಡಿ ದಾಟಿ, ರೊಮೇನಿಯಾದ ಬುಕಾರೆಸ್ಟಿಗೆ ಹೋಗಿ ಅಲ್ಲಿಂದ ಆಪರೇಷನ್ ಗಂಗಾ ವಿಮಾನ ಹತ್ತಿದರು. ರೊಮೇನಿಯಾ ಮತ್ತು ಮಾಲ್ಡೋವಾ ಎರಡರ ಉಸ್ತುವಾರಿಗೆ ಭಾರತ ಸರ್ಕಾರ ಕಳಿಸಿದ್ದು ಆಗಿನ ನಾಗರಿಕ ವಿಮಾನಯಾನ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಅವರನ್ನು. ವಿಮಾನದ ಮಂತ್ರಿಯೇ ಬಂದರೂ ಮಾಲ್ಡೋವಾದಿಂದ ವಿಮಾನ ಏರಲು ಆಗಲಿಲ್ಲ, ಏಕೆಂದರೆ ಫೆಬ್ರವರಿ 24ರಂದು, ಯುದ್ಧ ಶುರುವಾದ ದಿನವೇ, ಆ ದೇಶ ತನ್ನ ಇಡೀ ಆಕಾಶವನ್ನು ಮುಚ್ಚಿತ್ತು.

ಯುದ್ಧ ನಡೆಯುತ್ತಿದ್ದದ್ದು ಉಕ್ರೇನಿನಲ್ಲಿ. ಮಾಲ್ಡೋವಾ ಯಾರ ಮೇಲೂ ಯುದ್ಧಕ್ಕೆ ಹೋಗಿರಲಿಲ್ಲ. 1994ರ ಸಂವಿಧಾನದಲ್ಲೇ ತಾನು ತಟಸ್ಥ ದೇಶ ಎಂದು ಬರೆದುಕೊಂಡಿದೆ. ಹಾಗಿದ್ದ ಮೇಲೆ ಆಕಾಶ ಯಾಕೆ ಮುಚ್ಚಬೇಕು? ಮುಚ್ಚಿದರೆ ಯಾರಿಗೆ ನಷ್ಟ, ತೆರೆದರೆ ಯಾರಿಗೆ ಅಪಾಯ? ಪ್ರಥಮ ಪಿಯುಸಿ ಬಿಸಿನೆಸ್ ಸ್ಟಡೀಸ್‌ನಲ್ಲಿ ವಿಮೆಯ ಪಾಠ ಓದುವಾಗ ಈ ಪ್ರಶ್ನೆ ನನ್ನ ತಲೆಗೆ ಬಂತು, ಅಲ್ಲಿಂದ ಹೋಗಲೇ ಇಲ್ಲ.

ಮೊದಲು ನಕ್ಷೆ ನೋಡೋಣ. ಮಾಲ್ಡೋವಾ ಸುಮಾರು 33,800 ಚದರ ಕಿ.ಮೀ. ಇರುವ ದೇಶ. ನಮ್ಮ ಕರ್ನಾಟಕದ ಆರನೇ ಒಂದು ಭಾಗಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಪಶ್ಚಿಮಕ್ಕೆ ರೊಮೇನಿಯಾ, ಉಳಿದ ಮೂರು ದಿಕ್ಕಿಗೂ ಉಕ್ರೇನ್. ಪೂರ್ವದಲ್ಲಿ ಡ್ನೀಸ್ಟರ್ ನದಿಯ ಆಚೆ ದಡದ ಟ್ರಾನ್ಸ್‌ನಿಸ್ಟ್ರಿಯಾ ಎಂಬ ಪಟ್ಟಿ 1992ರ ಕದನದ ನಂತರ ಸರ್ಕಾರದ ಹಿಡಿತದಲ್ಲಿಲ್ಲ, ಅಲ್ಲಿ ರಷ್ಯಾದ ಸೈನಿಕರು ಇದ್ದಾರೆ. ಕಿಶಿನೌದಿಂದ ಒಡೆಸಾಗೆ ನೇರ ದೂರ ಸುಮಾರು 155 ಕಿ.ಮೀ. ಬೆಂಗಳೂರಿನಿಂದ ಮೈಸೂರಿಗೆ ಇರುವುದಕ್ಕಿಂತ ತುಸು ಹೆಚ್ಚು. ಗಂಟೆಗೆ 800 ಕಿ.ಮೀ. ವೇಗದ ಕ್ರೂಸ್ ಕ್ಷಿಪಣಿಗೆ ಇದು ಹನ್ನೆರಡು ನಿಮಿಷದ ದಾರಿ. ಎರಡು ಪಿರಿಯಡ್ ನಡುವೆ ನಾವು ಚಹಾ ಕುಡಿದು ಬರುವಷ್ಟು ಹೊತ್ತು.

ಇದು ಬರೀ ಲೆಕ್ಕದ ಮಾತಲ್ಲ. 2022ರ ಅಕ್ಟೋಬರ್ 10ರಂದು ಕಪ್ಪು ಸಮುದ್ರದ ರಷ್ಯನ್ ಹಡಗುಗಳಿಂದ ಉಕ್ರೇನಿನತ್ತ ಹಾರಿಸಿದ ಮೂರು ಕ್ಷಿಪಣಿಗಳು ಮಾಲ್ಡೋವಾದ ಆಕಾಶವನ್ನು ಹಾದುಹೋದವು ಎಂದು ಅಲ್ಲಿನ ವಿದೇಶಾಂಗ ಸಚಿವರಾಗಿದ್ದ ನಿಕು ಪೊಪೆಸ್ಕು ಹೇಳಿದರು. ಅದೇ ತಿಂಗಳ 31ರಂದು ಉಕ್ರೇನ್ ಹೊಡೆದುರುಳಿಸಿದ ಒಂದು ಕ್ಷಿಪಣಿಯ ಚೂರು ಉತ್ತರ ಗಡಿಯ ನಾಸ್ಲಾವ್ಚಾ ಎಂಬ ಹಳ್ಳಿಯ ಮೇಲೆ ಬಿತ್ತು. ಮನೆಗಳ ಕಿಟಕಿ ಗಾಜು ಒಡೆದವು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. 2023ರ ಫೆಬ್ರವರಿ 10ರಂದು ಮತ್ತೆ ಒಂದು ಕ್ಷಿಪಣಿ ದಾಟಿತು. ನಾಲ್ಕು ದಿನ ಬಿಟ್ಟು ಗುರುತು ಸಿಗದ ವಸ್ತುವೊಂದು ಕಂಡಿತೆಂದು ಕೆಲವು ಗಂಟೆ ಆಕಾಶ ಮುಚ್ಚಿದರು. 2025ರ ಫೆಬ್ರವರಿಯಲ್ಲಿ ಶಾಹೆದ್ ಮಾದರಿಯ ಎರಡು ಡ್ರೋನ್‌ಗಳು ಮಾಲ್ಡೋವಾದ ನೆಲದ ಮೇಲೆಯೇ ಸ್ಫೋಟಗೊಂಡವು.

ದೊಡ್ಡ ದೇಶವಾಗಿದ್ದರೆ ಯುದ್ಧವಿಮಾನ ಕಳಿಸಿ ಏನು ಬಂತೆಂದು ನೋಡುತ್ತಿತ್ತು. ಮಾಲ್ಡೋವಾದ ಬಳಿ ಒಂದು ಯುದ್ಧವಿಮಾನವೂ ಇಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ಅದರ ಪಾಲಿಗೆ ಮಿಗ್-29 ವಿಮಾನಗಳು ಬಂದಿದ್ದವು. 1997ರಲ್ಲಿ ಅವುಗಳಲ್ಲಿ 21ನ್ನು ಅಮೆರಿಕ ಕೊಂಡುಕೊಂಡು ಹೋಯಿತು, ಇರಾನಿನ ಕೈ ಸೇರಬಾರದು ಎಂಬ ಲೆಕ್ಕದಲ್ಲಿ. ತಟಸ್ಥ ದೇಶವಾದ್ದರಿಂದ ನೇಟೋ ಕಾವಲೂ ಇಲ್ಲ. ಕೆಳಮಟ್ಟದಲ್ಲಿ ಬರುವ ವಸ್ತುಗಳನ್ನು ನೋಡಬಲ್ಲ ಆಧುನಿಕ ರಾಡಾರ್ ಫ್ರಾನ್ಸಿನಿಂದ ಬಂದದ್ದೇ 2023ರ ಕೊನೆಗೆ. ಮನೆಗೆ ಬೀಗ ಇಲ್ಲ, ಕಾವಲುಗಾರನೂ ಇಲ್ಲ, ಹೊಸದಾಗಿ ಒಂದು ಕಿಂಡಿ ಮಾತ್ರ ಮಾಡಿಕೊಂಡಿದ್ದಾರೆ ಅಂದ ಹಾಗೆ. ಹೀಗಿರುವ ದೇಶಕ್ಕೆ ಪ್ರಯಾಣಿಕರನ್ನು ಕಾಪಾಡಲು ಇರುವ ಒಂದೇ ಉಪಾಯ, ಅನುಮಾನ ಬಂದ ಕೂಡಲೇ ವಿಮಾನಗಳನ್ನು ದೂರ ಇಡುವುದು.

ಹಾರುವ ಕ್ಷಿಪಣಿ ವಿಮಾನಕ್ಕೆ ಢಿಕ್ಕಿ ಹೊಡೆಯುತ್ತದೆ ಎಂಬುದೇ ಅಪಾಯ ಎಂದು ನಾನೂ ಅಂದುಕೊಂಡಿದ್ದೆ. ಆಕಾಶ ವಿಶಾಲ, ಹಾಗೆ ಆಗುವ ಸಂಭವ ತೀರಾ ಕಡಿಮೆ. ದೊಡ್ಡ ಅಪಾಯ ಇರುವುದು ನೆಲದ ಮೇಲೆ ರಾಡಾರ್ ಮುಂದೆ ಕೂತ ಮನುಷ್ಯನಲ್ಲಿ. ಅವನ ಪರದೆಯಲ್ಲಿ ಒಂದು ಚುಕ್ಕೆ ಕಾಣುತ್ತದೆ. ಅದು ಶತ್ರುವಿನದೋ, ಮುನ್ನೂರು ಜನ ಕೂತ ವಿಮಾನವೋ ಎಂದು ತೀರ್ಮಾನಿಸಲು ಅವನಿಗೆ ಕೆಲವೇ ಸೆಕೆಂಡು. ಮೂರು ನಿಮಿಷ ಮೊದಲು ಅವನ ಸೈನ್ಯದ ಮೇಲೆ ದಾಳಿ ಆಗಿದ್ದರೆ ಕೈ ನಡುಗುತ್ತಿರುತ್ತದೆ. ಈ ತಪ್ಪು ಒಂದೇ ದೇಶದ್ದಲ್ಲ. 2001ರ ಅಕ್ಟೋಬರ್ 4ರಂದು ಟೆಲ್ ಅವೀವ್‌ನಿಂದ ರಷ್ಯಾದ ನೊವೊಸಿಬಿರ್ಸ್ಕ್‌ಗೆ ಹೊರಟ ವಿಮಾನ ಉಕ್ರೇನ್ ಸೈನ್ಯದ ತಾಲೀಮಿನ ಕ್ಷಿಪಣಿಗೆ ಸಿಕ್ಕಿ 78 ಜನ ಸತ್ತರು. 2020ರ ಜನವರಿ 8ರಂದು ಟೆಹರಾನ್‌ನಿಂದ ಏರಿದ ಉಕ್ರೇನ್ ವಿಮಾನವನ್ನು ಇರಾನಿನ ಪಡೆಯೇ ತಪ್ಪು ತಿಳಿದು ಹೊಡೆಯಿತು, 176 ಜನ ಹೋದರು. ಅದಕ್ಕೆ ಕೆಲವೇ ಗಂಟೆ ಮೊದಲು ಇರಾನ್ ಇರಾಕಿನಲ್ಲಿದ್ದ ಅಮೆರಿಕನ್ ನೆಲೆಗಳ ಮೇಲೆ ಕ್ಷಿಪಣಿ ಹಾರಿಸಿತ್ತು, ಪ್ರತಿದಾಳಿ ಬರುತ್ತದೆಂದು ಕಾಯುತ್ತಿತ್ತು, ಆದರೂ ತನ್ನ ಆಕಾಶವನ್ನು ಮುಚ್ಚಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು 2014ರ ಜುಲೈ 17ರ ಎಂಎಚ್17. ಆಮ್‌ಸ್ಟರ್‌ಡ್ಯಾಮ್‌ನಿಂದ ಕೌಲಾಲಂಪುರಕ್ಕೆ ಹೊರಟ ಮಲೇಷಿಯಾದ ವಿಮಾನ, 298 ಜನ. ಪೂರ್ವ ಉಕ್ರೇನಿನ ಮೇಲೆ ಬುಕ್ ಕ್ಷಿಪಣಿ ಅದನ್ನು ಹೊಡೆಯಿತು. ಅದಕ್ಕೆ ಮೂರು ದಿನ ಮೊದಲು ಅಲ್ಲಿ ಸೈನ್ಯದ ವಿಮಾನವೊಂದು ಉರುಳಿತ್ತು. ಆಮೇಲೆ ಉಕ್ರೇನ್ 32,000 ಅಡಿಯವರೆಗೆ ಆಕಾಶ ಮುಚ್ಚಿತು, ಅದರ ಮೇಲಿನದನ್ನು ತೆರೆದಿಟ್ಟಿತು. ಎಂಎಚ್17 ಹಾರುತ್ತಿದ್ದದ್ದು 33,000 ಅಡಿಯಲ್ಲಿ. ನಿಯಮದ ಪ್ರಕಾರ ಎಲ್ಲವೂ ಸರಿಯೇ ಇತ್ತು. ಅದೇ ದಿನ ಅದೇ ಪ್ರದೇಶದ ಮೇಲೆ 160 ವಿಮಾನಗಳು ಹಾರಿದ್ದವು ಎಂದು ಡಚ್ ಸುರಕ್ಷಾ ಮಂಡಳಿಯ ವರದಿ ಲೆಕ್ಕ ಹಾಕಿತು. ಆಕಾಶವನ್ನು ಪೂರ್ತಿ ಮುಚ್ಚಲು ಉಕ್ರೇನಿಗೆ ಸಾಕಷ್ಟು ಕಾರಣ ಇತ್ತು ಎಂದೂ ಆ ವರದಿ ಹೇಳಿತು.

ಆಕಾಶವನ್ನು ಮುಚ್ಚುವ ಅಧಿಕಾರ ಯಾರದು ಎಂದು ಕೇಳಿದರೆ ಉತ್ತರ 1944ರ ಶಿಕಾಗೊ ಒಪ್ಪಂದದಲ್ಲಿದೆ. ಅದರ ಮೊದಲ ವಿಧಿಯೇ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಪೂರ್ಣ ಒಡೆತನ ಕೊಡುತ್ತದೆ. ಮುಚ್ಚುವುದೂ ತೆರೆಯುವುದೂ ಆ ದೇಶದ್ದೇ ತೀರ್ಮಾನ. ವಿಶ್ವಸಂಸ್ಥೆಯ ವಿಮಾನಯಾನ ಸಂಘಟನೆ ಸಲಹೆ ಕೊಡಬಹುದು, ಹೋಗಿ ಬೀಗ ಹಾಕಲು ಬರುವುದಿಲ್ಲ. ದೇಶ ಮುಚ್ಚಿದಾಗ ನೋಟಾಮ್ ಎಂಬ ಸೂಚನೆ ಹೊರಡುತ್ತದೆ, ಅದನ್ನು ಎಲ್ಲ ಪೈಲಟ್‌ಗಳು ಹಾರುವ ಮೊದಲು ಓದಬೇಕು. ಯುರೋಪಿನ ವಿಮಾನ ಸುರಕ್ಷಾ ಸಂಸ್ಥೆ ತಾನೇ ಬೇರೆಯಾಗಿ ಯುದ್ಧವಲಯಗಳ ಎಚ್ಚರಿಕೆ ಪತ್ರ ಹೊರಡಿಸುತ್ತದೆ.

ಇಲ್ಲಿ ನಮ್ಮ ಕಾಮರ್ಸ್‌ನವರ ಕಿವಿ ನೆಟ್ಟಗಾಗಬೇಕು. ಆಕಾಶವೂ ಆದಾಯದ ಮೂಲ. ಒಂದು ದೇಶದ ಮೇಲೆ ಹಾದುಹೋಗುವ ಪ್ರತಿ ವಿಮಾನವೂ, ಕೆಳಗೆ ಇಳಿಯದಿದ್ದರೂ, ಶುಲ್ಕ ಕೊಡಬೇಕು. ಟೋಲ್ ಗೇಟ್ ಇದ್ದ ಹಾಗೆ. ಯುರೋಪಿನಲ್ಲಿ ಯೂರೋಕಂಟ್ರೋಲ್ ಎಂಬ ಸಂಸ್ಥೆ ಇದನ್ನು ವಸೂಲಿ ಮಾಡಿ ದೇಶಗಳಿಗೆ ಹಂಚುತ್ತದೆ, ಮಾಲ್ಡೋವಾ ಕೂಡ ಅದರ ಸದಸ್ಯ. ಲೆಕ್ಕದ ರೀತಿ ಚೆನ್ನಾಗಿದೆ: ಆ ದೇಶದ ಮೇಲೆ ಹಾರಿದ ಕಿಲೋಮೀಟರನ್ನು 100ರಿಂದ ಭಾಗಿಸಿ, ವಿಮಾನದ ಗರಿಷ್ಠ ತೂಕವನ್ನು ಟನ್ನಿನಲ್ಲಿ ತೆಗೆದುಕೊಂಡು 50ರಿಂದ ಭಾಗಿಸಿ ವರ್ಗಮೂಲ ಕಂಡುಹಿಡಿದು, ಎರಡನ್ನೂ ಗುಣಿಸಬೇಕು. 72 ಟನ್ ವಿಮಾನ 200 ಕಿ.ಮೀ. ಹಾರಿದರೆ 2 ಗುಣಿಸು 1.2, ಅಂದರೆ 2.4 ಯೂನಿಟ್. ಅದೇ ದಾರಿಯಲ್ಲಿ 200 ಟನ್ನಿನ ದೊಡ್ಡ ವಿಮಾನ ಹೋದರೆ 4 ಯೂನಿಟ್. ಪ್ರತಿ ಯೂನಿಟ್ಟಿಗೂ ಆ ದೇಶದ ದರ ವರ್ಷವರ್ಷ ಪ್ರಕಟವಾಗುತ್ತದೆ.

ಈಗ ಮಾಲ್ಡೋವಾದ ಪಾಡು ನೋಡಿ. 2022ರ ಮಾರ್ಚ್ 21ರಿಂದ ಅದು ತನ್ನ ಆಕಾಶವನ್ನು ಭಾಗಶಃ ತೆರೆಯಿತು. ಆದರೆ ಉಕ್ರೇನಿನ ಆಕಾಶ ಮುಚ್ಚಿಯೇ ಇದೆ. ಮೂರು ದಿಕ್ಕು ಗೋಡೆ, ಒಂದೇ ಬಾಗಿಲು, ಅದು ರೊಮೇನಿಯಾ ಕಡೆ. ಮುಂದೆ ದಾರಿಯೇ ಇಲ್ಲದ ಓಣಿಯಲ್ಲಿ ಟೋಲ್ ಗೇಟ್ ಇಟ್ಟರೆ ಯಾರು ಬರುತ್ತಾರೆ? ಹಾದುಹೋಗುವ ವಿಮಾನಗಳ ಶುಲ್ಕ ಹೀಗೆ ಒಣಗಿತು. ಆದರೆ ರಾಡಾರ್, ಕಂಟ್ರೋಲರುಗಳ ಸಂಬಳ, ಕಟ್ಟಡ ಇವೆಲ್ಲ ನಿಲ್ಲುವ ಖರ್ಚಲ್ಲ. ಸ್ಥಿರ ವೆಚ್ಚ ಅಂದರೆ ಇದೇ. ತಮಾಷೆ ಏನೆಂದರೆ, ಕಿಶಿನೌ ನಿಲ್ದಾಣದಲ್ಲಿ ಹತ್ತಿ ಇಳಿಯುವ ಜನ ಮುಂದೆ ಯುದ್ಧಕ್ಕೆ ಮುಂಚಿಗಿಂತಲೂ ಹೆಚ್ಚಾದರು. ತಮ್ಮ ದೇಶದಲ್ಲಿ ವಿಮಾನವೇ ಇಲ್ಲದ ದಕ್ಷಿಣ ಉಕ್ರೇನಿನ ಜನ ರಸ್ತೆಯಲ್ಲಿ ಅಲ್ಲಿಗೆ ಬಂದು ವಿಮಾನ ಹತ್ತುವುದು ಇದಕ್ಕೊಂದು ಕಾರಣ. ಹೀಗೆ ಅಪಾಯದ ಬಾಗಿಲಲ್ಲೇ ಜನಜಂಗುಳಿ ಸೇರಿತು.

ಆಕಾಶ ತೆರೆದಿದೆ ಎಂದು ಸರ್ಕಾರ ಹೇಳಿದರೆ ಮಾತ್ರ ವಿಮಾನ ಬರುವುದಿಲ್ಲ. ಇನ್ನೊಬ್ಬರು ಒಪ್ಪಬೇಕು, ಅವರು ವಿಮೆ ಕಂಪನಿಯವರು. ವಿಮಾನದ ಸಾಮಾನ್ಯ ಪಾಲಿಸಿಯಲ್ಲಿ ಎವಿಎನ್ 48ಬಿ ಎಂಬ ಒಂದು ಕಲಮು ಸೇರಿರುತ್ತದೆ. ಯುದ್ಧ, ದಂಗೆ, ಅಪಹರಣ, ಬೇಕೆಂದೇ ಮಾಡಿದ ಹಾನಿ ಇವುಗಳಿಂದ ಆದ ನಷ್ಟ ಈ ಪಾಲಿಸಿಗೆ ಸೇರಿಲ್ಲ ಎಂದು ಅದು ಹೇಳುತ್ತದೆ. ಹಾಗಾಗಿ ಯುದ್ಧದ ವಿಮೆಯನ್ನು ಬೇರೆಯೇ ಪ್ರೀಮಿಯಂ ಕಟ್ಟಿ ಕೊಳ್ಳಬೇಕು. ಅದರಲ್ಲೂ ಒಂದು ಹಗ್ಗ ಅವರ ಕೈಯಲ್ಲೇ ಇರುತ್ತದೆ: ಏಳು ದಿನದ ನೋಟಿಸ್ ಕೊಟ್ಟು ರಕ್ಷಣೆಯನ್ನು ವಾಪಸ್ ಪಡೆಯಬಹುದು, ಇಲ್ಲವೇ ದರ ಏರಿಸಬಹುದು. 2001ರ ಸೆಪ್ಟೆಂಬರ್ 11ರ ನಂತರ ಇಡೀ ಪ್ರಪಂಚದ ವಿಮಾನಗಳಿಗೆ ಹೀಗೆ ನೋಟಿಸ್ ಬಂದಾಗ ಅನೇಕ ಸರ್ಕಾರಗಳೇ ಭರವಸೆ ಕೊಟ್ಟು ವಿಮಾನಗಳನ್ನು ಹಾರಿಸಬೇಕಾಯಿತು. ವಿಮೆ ಇಲ್ಲದ ವಿಮಾನವನ್ನು ಬಾಡಿಗೆಗೆ ಕೊಟ್ಟ ಕಂಪನಿಯೂ ಬಿಡುವುದಿಲ್ಲ, ಸಾಲ ಕೊಟ್ಟ ಬ್ಯಾಂಕೂ ಬಿಡುವುದಿಲ್ಲ. ಎಷ್ಟೋ ಸಲ ಆಕಾಶಕ್ಕೆ ನಿಜವಾದ ಬೀಗ ಬೀಳುವುದು ಮಂತ್ರಿಯ ಸಹಿಯಿಂದಲ್ಲ, ಲಂಡನ್ನಿನ ವಿಮೆಗಾರರ ಒಂದು ಇಮೇಲಿನಿಂದ.

ವಿಮಾನ ಸಂಸ್ಥೆ ತಾನಾಗಿಯೇ ಹಿಂದೆ ಸರಿಯುವುದೂ ಉಂಟು. 2023ರ ಫೆಬ್ರವರಿಯ ಘಟನೆಗಳ ನಂತರ ವಿಜ್ ಏರ್ ಎಂಬ ದೊಡ್ಡ ಕಡಿಮೆ ದರದ ಸಂಸ್ಥೆ ಮಾರ್ಚ್ 14ರಿಂದ ಕಿಶಿನೌಗೆ ಹಾರಾಟ ನಿಲ್ಲಿಸಿತು. ಆಕಾಶ ತೆರೆದೇ ಇತ್ತು, ಸರ್ಕಾರಕ್ಕೆ ಬೇಸರವಾಯಿತು, ಬೇರೆ ಸಂಸ್ಥೆಗಳು ಹಾರುತ್ತಲೇ ಇದ್ದವು. ಬಹಳ ಕಾಲದ ಮೇಲೆ ಅದು ಮರಳಿ ಬಂತು. ಯಾರದು ಸರಿ? ಒಂದೇ ಆಕಾಶಕ್ಕೆ ಇಬ್ಬರು ಎರಡು ಬೆಲೆ ಕಟ್ಟಿದರು ಎಂದಷ್ಟೇ ನನಗೆ ಕಾಣುತ್ತದೆ. ಆದರೆ ಮುಚ್ಚಿದರೆ ಆದಾಯ ಕಳೆದುಕೊಳ್ಳುವವನೇ ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುವ ಈ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅಂಗಡಿಯವನೇ ತನ್ನ ಲೆಕ್ಕದ ಆಡಿಟ್ ಮಾಡಿಕೊಂಡ ಹಾಗೆ.

ವಿಮೆಯ ಪಾಠದಲ್ಲಿ ಸಮೀಪದ ಕಾರಣ ಎಂಬ ತತ್ವ ಇದೆಯಲ್ಲ, ಅದನ್ನು ಇಲ್ಲಿ ಇಟ್ಟು ನೋಡಿ. ನಷ್ಟಕ್ಕೆ ಹತ್ತು ಕಾರಣ ಇದ್ದರೆ ಹತ್ತಿರದ, ಮುಖ್ಯವಾದ ಕಾರಣ ಯಾವುದೋ ಅದನ್ನು ನೋಡಿ ಹಣ ಕೊಡಬೇಕು. 2024ರ ಡಿಸೆಂಬರ್ 25ರಂದು ಅಜರ್‌ಬೈಜಾನ್ ಏರ್‌ಲೈನ್ಸ್ ವಿಮಾನ ಬಾಕುವಿನಿಂದ ರಷ್ಯಾದ ಗ್ರೋಜ್ನಿಗೆ ಹೊರಟಿತು. ಯುದ್ಧಕ್ಕೂ ಆ ಊರಿಗೂ ನೂರಾರು ಕಿಲೋಮೀಟರ್ ದೂರ. ಆದರೆ ಆ ಬೆಳಿಗ್ಗೆ ಅಲ್ಲಿಗೆ ಉಕ್ರೇನ್ ಡ್ರೋನ್‌ಗಳು ಬಂದಿದ್ದವು. ದಟ್ಟ ಮಂಜು, ಜಿಪಿಎಸ್ ಸಿಗುತ್ತಿಲ್ಲ ಎಂದು ಪೈಲಟ್ ಹೇಳಿದರು. ಇಳಿಯಲು ಆಗದೆ ಹಿಂದಿರುಗುವಾಗ ವಿಮಾನಕ್ಕೆ ಹೊರಗಿನಿಂದ ಏಟು ಬಿತ್ತು, ಹಿಡಿತ ತಪ್ಪಿತು. ಕ್ಯಾಸ್ಪಿಯನ್ ಸಮುದ್ರ ದಾಟಿ ಕಜಕಿಸ್ತಾನದ ಅಕ್ತಾವು ಬಳಿ ನೆಲಕ್ಕೆ ಬಿತ್ತು. 67 ಜನರಲ್ಲಿ 38 ಜನ ಸತ್ತರು, 29 ಜನ ಬದುಕಿದರು. ಮೊದಲ ದಿನ ಹಕ್ಕಿ ಬಡಿದಿದೆ ಎಂದು ರಷ್ಯಾದಲ್ಲಿ ಹೇಳಿದರು. ರಷ್ಯಾದ ಕ್ಷಿಪಣಿಗಳು ವಿಮಾನದ ಹತ್ತಿರವೇ ಸಿಡಿದವು ಎಂದು ಅಧ್ಯಕ್ಷ ಪುಟಿನ್ ಒಪ್ಪಿದ್ದು 2025ರ ಅಕ್ಟೋಬರ್‌ನಲ್ಲಿ. ಹಕ್ಕಿಯಾದರೆ ಸಾಮಾನ್ಯ ಪಾಲಿಸಿ, ಕ್ಷಿಪಣಿಯಾದರೆ ಯುದ್ಧದ ಪಾಲಿಸಿ. ಸತ್ಯ ಹೊರಬರುವವರೆಗೆ ಇಬ್ಬರು ವಿಮೆಗಾರರೂ ಪರಸ್ಪರ ಬೆರಳು ತೋರಿಸಿ ಕೂರಬಾರದೆಂದು ಎವಿಎಸ್ 103 ಎಂಬ ಒಪ್ಪಂದದ ಕಲಮು ಇದೆ. ಅದಿದ್ದರೆ ಇಬ್ಬರೂ ಸದ್ಯಕ್ಕೆ ವಿಮಾನದ ಬೆಲೆಯನ್ನು ಅರ್ಧರ್ಧ ಕೊಡಬೇಕು, ಲೆಕ್ಕ ಆಮೇಲೆ ಸರಿಮಾಡಿಕೊಳ್ಳಬೇಕು. ಪಠ್ಯಪುಸ್ತಕದಲ್ಲಿ ಇದು ಇಲ್ಲ, ಇರಬೇಕಿತ್ತು ಎನಿಸಿತು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ, ಸದ್ದೂ ಮಾಡುವುದಿಲ್ಲ. ಜಿಪಿಎಸ್ ಉಪಗ್ರಹಗಳು 20,000 ಕಿ.ಮೀ. ಮೇಲಿವೆ. ಅವುಗಳ ಸಂಕೇತ ನಮ್ಮನ್ನು ತಲುಪುವ ಹೊತ್ತಿಗೆ ಪಿಸುಮಾತಿನಷ್ಟು ಕ್ಷೀಣ. ಡ್ರೋನ್‌ಗಳ ದಾರಿ ತಪ್ಪಿಸಲು ಸೈನ್ಯಗಳು ಅದೇ ತರಂಗದಲ್ಲಿ ಗದ್ದಲ ಎಬ್ಬಿಸುತ್ತವೆ. ಮದುವೆ ಮನೆಯ ಧ್ವನಿವರ್ಧಕದ ಪಕ್ಕ ನಿಂತು ಪಿಸುಮಾತು ಕೇಳಲು ಹೋದರೆ ಏನಾಗುತ್ತದೋ ಅದೇ ವಿಮಾನಕ್ಕೂ ಆಗುತ್ತದೆ. ಇದು ಜಾಮಿಂಗ್. ಇದಕ್ಕಿಂತ ಕೆಟ್ಟದ್ದು ಸ್ಪೂಫಿಂಗ್. ಅಲ್ಲಿ ಸಂಕೇತ ಸಿಗುತ್ತದೆ, ಆದರೆ ಸುಳ್ಳು ಸಂಕೇತ, ಖೋಟಾ ನೋಟಿನ ಹಾಗೆ. ವಿಮಾನ ಒಂದು ಕಡೆ ಇದ್ದರೆ ನಕ್ಷೆ ಇನ್ನೊಂದು ಕಡೆ ತೋರಿಸುತ್ತದೆ. ಗಡಿಯಾರ ತಪ್ಪುತ್ತದೆ. ನೆಲ ಹತ್ತಿರ ಬಂತು, ಮೇಲೇರಿ ಎಂದು ಯಂತ್ರ ಕೂಗುತ್ತದೆ, ಕೆಳಗೆ ನೋಡಿದರೆ ಮೂವತ್ತು ಸಾವಿರ ಅಡಿ ಖಾಲಿ. ಸುಳ್ಳು ಕೂಗನ್ನು ಹತ್ತು ಸಲ ಕೇಳಿದ ಪೈಲಟ್ ಹನ್ನೊಂದನೇ ಸಲದ ನಿಜವಾದ ಕೂಗನ್ನೂ ಅನುಮಾನಿಸಬಹುದು, ಹೆದರಿಕೆ ಇರುವುದು ಅಲ್ಲಿ.

ವಿಮಾನ ಇದರಿಂದಲೇ ಬಿದ್ದುಹೋಗುವುದಿಲ್ಲ. ಜಡತ್ವದ ಲೆಕ್ಕದ ಮೇಲೆ ನಡೆಯುವ ಉಪಕರಣ ಒಳಗೇ ಇದೆ, ನೆಲದ ಮೇಲೆ ರೇಡಿಯೋ ಕೇಂದ್ರಗಳಿವೆ. ತೊಂದರೆ ಏನೆಂದರೆ ಹಳೆಯ ರೇಡಿಯೋ ಕೇಂದ್ರಗಳನ್ನು ಖರ್ಚು ಎಂದು ಅನೇಕ ಕಡೆ ಕಡಿಮೆ ಮಾಡುತ್ತಾ ಬಂದರು. ಎಸ್ಟೋನಿಯಾ ಇನ್ನೊಂದು ಸಣ್ಣ ದೇಶ, ರಷ್ಯಾದ ಪಕ್ಕ. ಅಲ್ಲಿನ ಟಾರ್ಟು ನಿಲ್ದಾಣಕ್ಕೆ ಇಳಿಯುವ ವಿಧಾನ ಜಿಪಿಎಸ್ ಒಂದನ್ನೇ ನಂಬಿತ್ತು. 2024ರ ಏಪ್ರಿಲ್‌ನಲ್ಲಿ ಎರಡು ವಿಮಾನಗಳು ಇಳಿಯಲಾರದೆ ಹೆಲ್ಸಿಂಕಿಗೆ ಹಿಂದಿರುಗಿದವು. ಫಿನ್‌ಏರ್ ಒಂದು ತಿಂಗಳು ಆ ಊರಿಗೆ ಹಾರಾಟವನ್ನೇ ನಿಲ್ಲಿಸಿ, ನೆಲದ ರೇಡಿಯೋ ಕೇಂದ್ರ ಬಳಸುವ ದಾರಿ ಸಿದ್ಧವಾದ ಮೇಲೆ ಮತ್ತೆ ಶುರುಮಾಡಿತು. ಇದು ದೂರದ ಕಥೆ ಎಂದು ಬಿಡುವ ಹಾಗಿಲ್ಲ. 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ನಮ್ಮ ಗಡಿ ಭಾಗದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಸುತ್ತ, ಇಂಥ 465 ಪ್ರಕರಣ ವರದಿಯಾಗಿವೆ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು.

ಆಕಾಶ ಮುಚ್ಚುವುದು ಎಂದರೆ ಏನೆಂದು ನಮ್ಮ ಮನೆಗೆ ಗೊತ್ತಾದದ್ದು 2025ರ ಜೂನ್ 23ರಂದು. ಚಾಚಾ ರಜೆ ಮುಗಿಸಿ ದೋಹಾಗೆ ವಾಪಸ್ ಹೊರಟಿದ್ದರು. ಕತಾರ್ ಮಾಲ್ಡೋವಾಗಿಂತಲೂ ಚಿಕ್ಕ ದೇಶ. ಅಲ್ಲಿನ ಅಮೆರಿಕನ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸುವ ಮೊದಲೇ ಆ ಸಂಜೆ ಕತಾರ್ ತನ್ನ ಆಕಾಶ ಮುಚ್ಚಿತು. ದೋಹಾಗೆ ಹೊರಟಿದ್ದ ಹತ್ತಾರು ವಿಮಾನಗಳು ನಡು ಆಕಾಶದಲ್ಲೇ ಬೇರೆ ಊರುಗಳಿಗೆ ತಿರುಗಿದವು. ಚಾಚಾ ಕೂತಿದ್ದ ವಿಮಾನ ಅರಬ್ಬೀ ಸಮುದ್ರದ ಮೇಲಿಂದ ವಾಪಸ್ ಬಂತು. ಫೋನ್ ಹತ್ತದೆ ಅಮ್ಮಿ ಜಾನಮಾಜ್ ಮೇಲೆಯೇ ಕೂತಿದ್ದರು, ದಾದಿ ನೀರೂ ಕುಡಿಯಲಿಲ್ಲ. ರಾತ್ರಿ ಫೋನ್ ಬಂದಾಗ ಚಾಚಾ ಸಿಟ್ಟಿನಲ್ಲಿದ್ದರು. "ಡ್ಯೂಟಿ ಹೋಯ್ತು, ಒಂದು ದಿನದ ಸಂಬಳ ಹೋಯ್ತು, ಊಟ ಕೂಡ ಕೊಡಲಿಲ್ಲ" ಎಂದು ಬೈದರು. ನಾನು ಎಂಎಚ್17 ವಿಷಯ, ಆ 32,000 ಅಡಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತು ಬರಲಿಲ್ಲ. ಆಮೇಲೆ, "ನಾಳೆ ಹೋಗ್ತೀನಿ ಬಿಡು, ಅಮ್ಮಿಗೆ ಫೋನ್ ಕೊಡು" ಎಂದರು. ಮಧ್ಯರಾತ್ರಿಯ ಹೊತ್ತಿಗೆ ಕತಾರ್ ಆಕಾಶ ತೆರೆಯಿತು. ಸಾಲಿನಲ್ಲಿ ಕಾದು ಚಾಚಾಗೆ ಸೀಟು ಸಿಕ್ಕಿದ್ದು ಎರಡು ದಿನ ಬಿಟ್ಟು.